ಹೊಸ ಪ್ಲಾಸ್ಮಾ ಟೇಬಲ್, ಗೆಳೆಯನ ಹಳೇ ಟೇಬಲ್: ಒಂದೇ ಪ್ಲೇಟು ಎರಡರಲ್ಲೂ ಕತ್ತರಿಸಿ ನೋಡಿದೆ

ಮಂಡ್ಯ ಹತ್ತಿರದ ತೂಬಿನಕೆರೆಯ ನಮ್ಮ ಶೆಡ್ಡಿಗೆ ಹೊಸ ಸಿಎನ್‌ಸಿ ಪ್ಲಾಸ್ಮಾ ಟೇಬಲ್ (ಕಂಪ್ಯೂಟರ್ ಡ್ರಾಯಿಂಗ್ ಪ್ರಕಾರ ಕರೆಂಟಿನ ಕಿಡಿ ಮತ್ತು ಗಾಳಿಯಿಂದ ಲೋಹ ಕತ್ತರಿಸುವ ಮಷೀನು) ಬಂದು ಎರಡು ತಿಂಗಳಾಯ್ತು. ಪೇಂಟ್ ವಾಸನೆ ಇನ್ನೂ ಹೋಗಿಲ್ಲ, ತಕರಾರು ಮಾತ್ರ ಮೊದಲ ವಾರದಿಂದಲೇ ಇದೆ. ಟ್ರೈಲರ್ ಪ್ಲೇಟಿನ ತೂತು ದುಂಡಗೆ ಬರಲ್ಲ, ಮೂಲೆಗೆ ಮೂಲೆ ಕೂರಲ್ಲ. ಮಾರಿದವರಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, ನಾಜಲ್ ಬದಲಾಯಿಸಿ ಸರ್. ನಾಜಲ್ ಅಂದರೆ ಬೆಂಕಿ ಹೊರಬರುವ ಮೂತಿ. ಮೂರು ಸಲ ಬದಲಾಯಿಸಿದೆ. ಕೊನೆಗೆ ತಲೆಕೆಟ್ಟು 10 ಎಂಎಂ ಎಂಎಸ್ (ಸಾದಾ ಉಕ್ಕು) ಪ್ಲೇಟಿನ ಒಂದು ತುಂಡು ಇಲ್ಲಿ ಕತ್ತರಿಸಿ, ಇನ್ನೊಂದು ತುಂಡು ಮತ್ತು ಅದೇ ಡ್ರಾಯಿಂಗ್ ಹಿಡಿದು ಮೈಸೂರಿನ ಹೆಬ್ಬಾಳದಲ್ಲಿರುವ ಗೆಳೆಯನ ಶೆಡ್ಡಿಗೆ ಹೋದೆ. ಅವನದು ಸೆಕೆಂಡ್ ಹ್ಯಾಂಡ್ ಟೇಬಲ್, ನೋಡೋಕೆ ಹಳೇ ಎತ್ತಿನಗಾಡಿ ತರ.

14 ಎಂಎಂ ತೂತಿಗೆ 12 ಎಂಎಂ ಬೋಲ್ಟ್. ಅವನ ಪ್ಲೇಟಿನಲ್ಲಿ ಬೋಲ್ಟ್ ಸುಮ್ನೆ ಬಿಟ್ಟರೆ ಟಣ್ ಅಂತ ಕೆಳಗೆ ಬಿತ್ತು. ನನ್ನದರಲ್ಲಿ ಸುತ್ತಿಗೆ ಬೇಕಾಯ್ತು, ಬೆರಳು ಆಡಿಸಿದರೆ ತೂತಿನ ಒಳಗೆ ನಾಲ್ಕು ಕಡೆ ಚಪ್ಪಟೆ. ಮೋಟರ್ ದಿಕ್ಕು ಬದಲಿಸುವ ಜಾಗಗಳೇ ಅವು, ಅಂದರೆ ಎಲ್ಲೋ ಸಡಿಲ ಇದೆ. ನಾಜಲ್ಲಿಗೂ ಇದಕ್ಕೂ ಏನು ಸಂಬಂಧ ಹೇಳಿ?

ಗೆಳೆಯನೇ ಒಂದು ಉಪಾಯ ಹೇಳಿಕೊಟ್ಟ. ವಾಪಸ್ ಬಂದು ಟಾರ್ಚ್, ಅಂದರೆ ಬೆಂಕಿ ಉಗುಳುವ ಕಟಿಂಗ್ ತಲೆ, ತೆಗೆದು ಆ ಜಾಗಕ್ಕೆ ಮಾರ್ಕರ್ ಪೆನ್ ಕಟ್ಟಿದೆ, ಶೀಟಿನ ಮೇಲೆ ಒಂದು ಮೀಟರ್ ಚೌಕ ಬರೆಸಿದೆ. ಎರಡೂ ಕರ್ಣ 1414 ಎಂಎಂ ಇರಬೇಕು. ಒಂದು 1411, ಇನ್ನೊಂದು 1417. ಬೆಂಕಿಯೂ ಇಲ್ಲ ಗಾಳಿಯೂ ಇಲ್ಲ, ಬರೀ ಪೆನ್ನು, ಆದರೂ ಮೀಟರಿಗೆ 4 ಎಂಎಂ ಓರೆ! ಗ್ಯಾಂಟ್ರಿ (ಟಾರ್ಚ್ ಹೊತ್ತು ಓಡಾಡುವ ಅಡ್ಡ ತೊಲೆ) ಹಿಡಿದು ಅಲ್ಲಾಡಿಸಿದರೆ ಟಕ್ ಟಕ್. ಒಂದು ಕಡೆಯ ಪಿನಿಯನ್ (ಮೋಟರಿನ ಚಿಕ್ಕ ಹಲ್ಲುಗಾಲಿ) ಹಿಡಿದಿಡುವ ಗ್ರಬ್ ಸ್ಕ್ರೂ ಬಿಗಿಯಾಗೇ ಇರಲಿಲ್ಲ. ಬಿಗಿ ಮಾಡಿದ ಮೇಲೆ ತೂತು ಪರವಾಗಿಲ್ಲ ಅನ್ನಿಸಿತು, ಓರೆ ಮಾತ್ರ ಹಾಗೇ ಉಳಿದಿದೆ. ಅವನ ಗ್ಯಾಂಟ್ರಿ ದಪ್ಪ ಎಂಎಸ್ ಬಾಕ್ಸ್, ನನ್ನದು ತೆಳು ಅಲ್ಯೂಮಿನಿಯಂ. ತಗೊಳ್ಳುವಾಗ ಹಗುರ ಇದ್ದರೆ ಸ್ಪೀಡ್ ಜಾಸ್ತಿ ಅಂದಿದ್ದರು.

ಮೂಲೆಯಲ್ಲಿ ಇನ್ನೊಂದು ಕಾಟ. ಟಾರ್ಚ್ ನಿಧಾನ ಆದಾಗ ಕಟ್ ಅಗಲವಾಗಿ ಆರ್ಕ್ (ಕತ್ತರಿಸುವ ಕಿಡಿ) ವೋಲ್ಟೇಜ್ ಏರುತ್ತೆ, ಟಾರ್ಚಿನ ಎತ್ತರ ನೋಡಿಕೊಳ್ಳುವ ಹೈಟ್ ಕಂಟ್ರೋಲ್ ಅದನ್ನು ನೋಡಿ ಟಾರ್ಚ್ ಮೇಲೆ ಹೋಗಿದೆ ಅಂದುಕೊಂಡು ಕೆಳಗೆ ಇಳಿಸುತ್ತೆ, ಪ್ಲೇಟಿಗೆ ಮೂತಿ ಗುದ್ದುತ್ತೆ. ಗೆಳೆಯನ ಕಂಟ್ರೋಲರ್ ಮೂಲೆಯಲ್ಲಿ ಎತ್ತರ ಲಾಕ್ ಮಾಡುತ್ತೆ. ನನ್ನದರಲ್ಲೂ ಆ ಸೆಟ್ಟಿಂಗ್ ಇದೆ, ಆಫ್ ಆಗಿತ್ತು. ಯಾರೂ ಹೇಳಿರಲಿಲ್ಲ.

ಹೊಸದನ್ನು ಪೂರ್ತಿ ಬೈಯೋದೂ ಸರಿಯಲ್ಲ. 3 ಎಂಎಂ ಶೀಟಿನಲ್ಲಿ ಉದ್ದ ನೇರ ಕಟ್ ನನ್ನದೇ ಚೆನ್ನ, ಕೆಳಗೆ ಕಿಟ್ಟವೂ ಕಡಿಮೆ. ಆರ್ಕ್ ಒಂದೇ ಏಟಿಗೆ ಹತ್ತುತ್ತೆ, ಅವನದು ಎರಡು ಮೂರು ಸಲ ಕೆಮ್ಮುತ್ತೆ. ಟಾರ್ಚಿನೊಳಗೆ ಆರ್ಕ್ ಹತ್ತಿಸುವ ಎಲೆಕ್ಟ್ರೋಡ್ ಬೇಗ ಸುಟ್ಟು ಹೋಗ್ತಿದ್ದದ್ದು ಮಾತ್ರ ನನ್ನದೇ ತಪ್ಪು. ಏರ್ ಡ್ರೈಯರ್ ಹಾಕಿಸಿರಲಿಲ್ಲ, ಗಾಳಿ ಪೈಪ್ ಬಿಚ್ಚಿದರೆ ಅಂಗೈ ತುಂಬ ನೀರು.

25 ಎಂಎಂ ಪ್ಲೇಟಿಗೆ ಈಗಲೂ ಗ್ಯಾಸ್ ಕಟಿಂಗೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಲೆಮನೆಯವರು ಸ್ಟೇನ್‌ಲೆಸ್ ತಂದರೆ ಗ್ಯಾಸ್ ನಡೆಯಲ್ಲ, ಪ್ಲಾಸ್ಮಾನೇ ಬೇಕು.

ಸದ್ಯಕ್ಕೆ ಶೀಟ್ ಕೆಲಸ ಇಲ್ಲಿ, ಅಳತೆ ಬಿಗಿಯಾಗಿರಬೇಕಾದ ಪ್ಲೇಟುಗಳು ಲಗೇಜ್ ಆಟೋದಲ್ಲಿ ಹೆಬ್ಬಾಳಕ್ಕೆ. ಟೇಬಲ್ಲಿನ ಬಾಕಿ 40 ಸಾವಿರ ಇನ್ನೂ ನನ್ನ ಹತ್ತಿರವೇ ಇದೆ. ಎರಡೂ ಕರ್ಣ 1414 ಬಂದ ದಿನ ಬಂದು ತಗೊಂಡು ಹೋಗಿ ಅಂದಿದ್ದೇನೆ.