ಆಡಿನ ಶೆಡ್ಡಿಗೆ ಯಾವ ನೆಲ? ಮುರಂ, ಪರಸಿ, ಅಟ್ಟ ಮೂರನ್ನೂ ಹಾಕಿ ನೋಡಿದೆವು

ಆಡಿನ ಶೆಡ್ ಕಟ್ಟುತ್ತೇನೆ ಅಂತ ಯಾರಿಗಾದರೂ ಹೇಳಿ ನೋಡಿ. ಮೊಬೈಲ್ ತೆಗೆದು ಅಟ್ಟದ ಶೆಡ್ಡಿನ ವಿಡಿಯೋ ತೋರಿಸುತ್ತಾರೆ. ನೆಲದಿಂದ ನಾಲ್ಕು ಅಡಿ ಮೇಲೆ ಸಂದಿ ಬಿಟ್ಟು ಹೊಡೆದ ಹಲಗೆ. ಹಿಕ್ಕೆ, ಗಂಜಲ ಕೆಳಗೆ ಬೀಳುತ್ತೆ, ಆಡು ಮೇಲೆ ಒಣಗಿರುತ್ತೆ. ನೋಡೋಕೆ ಚೆಂದ, ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ಕೇರಳ, ಅಸ್ಸಾಮಿನಂಥ ಮಳೆ ನಾಡಿನವರು ಹಿಂದಿನಿಂದ ಮಾಡಿಕೊಂಡು ಬಂದದ್ದು. ಅಲ್ಲಿ ನೆಲ ಒಣಗೋದೇ ಇಲ್ಲ, ಅದಕ್ಕೆ ಆಡನ್ನು ಮೇಲೆ ಹತ್ತಿಸಿದರು. ನಮ್ಮದು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕು. ಇಲ್ಲಿ ಮಳೆ ನಾಲ್ಕು ತಿಂಗಳು, ಉಳಿದದ್ದೆಲ್ಲ ಬಿಸಿಲು. ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ಯಾರೂ ಬೆಚ್ಚಿಬೀಳಲ್ಲ. ಇಂಥ ಕಡೆ ಅಷ್ಟು ದುಡ್ಡು ಹಲಗೆಗೆ ಸುರಿಯಬೇಕಾ ಅನ್ನೋದು ನಮ್ಮ ಮನೆಯ ಜಗಳವಾಗಿತ್ತು.

ಅಣ್ಣನಿಗೆ ಅಟ್ಟ ಬೇಕು. ನನಗೆ ಪರಸಿ, ಅಂದರೆ ಕಲ್ಲಿನ ಚಪ್ಪಡಿ ಬೇಕು, ಶಹಾಬಾದ್ ಕಲ್ಲು ಮನೆ ಹಿಂದೆಯೇ ಸಿಗೋವಾಗ ಬೇರೆ ಯಾಕೆ ಅಂತ. ನಮ್ಮ ಅಜ್ಜ, ಮುತ್ಯಾ, ಮಾತ್ರ ಸಣ್ಣ ಕಲ್ಲು ಬೆರೆತ ಮುರಂ ಮಣ್ಣೇ ಸಾಕು ಅಂದ. "ಕಲ್ಲಿನ ಮ್ಯಾಲ ನೀ ಒಂದಿನ ಮಲ್ಕೊಂಡು ನೋಡು. ಆಮ್ಯಾಲ ಆಡಿಗಿ ಹಾಕು." ಕೊನೆಗೆ ಒಂದೇ ಉದ್ದನೆಯ ಶೆಡ್ ಕಟ್ಟಿ, ಮೂರು ಕೋಣೆ ಮಾಡಿ, ಮೂರು ಥರದ ನೆಲ ಹಾಕಿದೆವು. ಮಾಡು (ಚಾವಣಿ) ಒಂದೇ, ಮೇವು ಒಂದೇ. ಆಡುಗಳೂ ಒಂದೇ ತಳಿ, ನಮ್ಮ ಕಡೆ ಎಲ್ಲರ ಮನೇಲಿರುವ ಕರಿ ಉಸ್ಮಾನಾಬಾದಿ.

ನೆಲದ ಮಾತಿಗಿಂತ ಮುಂಚೆ ಬುನಾದಿಯದು ಹೇಳಿಬಿಡುತ್ತೇನೆ, ಯಾಕಂದರೆ ಎರೆ ಭೂಮಿಯಲ್ಲಿ ಅದು ಕೆಟ್ಟರೆ ಮೇಲೆ ಏನು ಹಾಕಿದರೂ ಅಷ್ಟೇ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ಕಂಬದ ಗುಂಡಿಯನ್ನು ಕರಿಮಣ್ಣು ಮುಗಿದು ಗಟ್ಟಿ ಪದರ ಸಿಗೋವರೆಗೂ ತೋಡಬೇಕು. ಆಮೇಲೆ ಶೆಡ್ಡಿನ ಜಾಗದ ತುಂಬ ಒಂದೂವರೆ ಅಡಿ ಮುರಂ ಹಾಕಿ, ನೀರು ಹೊಡೆದು, ದಿಮ್ಮಸು ಮಾಡಿ ಎತ್ತರಿಸಬೇಕು. 2020ರ ಅಕ್ಟೋಬರಿನಲ್ಲಿ ಕಾಗಿಣಾ, ಭೀಮಾ ಎರಡೂ ಹೊಳೆ ಉಕ್ಕಿದ್ದು ನೆನಪಿದ್ದವರಿಗೆ ಈ ಒಂದೂವರೆ ಅಡಿ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಮುರಂ ನೆಲ. ಬುನಾದಿಗೆ ಹಾಕಿದ ಮುರಮನ್ನೇ ಮೇಲೆ ಸಣ್ಣಗೆ ಜರಡಿ ಹಿಡಿದು ಹಾಸಿದ್ದು, ಬೇರೆ ಖರ್ಚಿಲ್ಲ. ನವೆಂಬರಿನಿಂದ ಮೇವರೆಗೆ ಇದಕ್ಕೆ ಸಮ ಯಾವುದೂ ಇಲ್ಲ ಅಂತ ನಾನೇ ಒಪ್ಪಿಕೊಂಡೆ. ಗಂಜಲ ಇಂಗುತ್ತೆ, ಹಿಕ್ಕೆ ಒಣಗಿ ಕಾಳಿನಂತೆ ಉದುರುತ್ತೆ, ಬೆಳಗ್ಗೆ ಒಂದು ಸಲ ಬಾರಿಗೆ ಆಡಿಸಿದರೆ ಮುಗಿಯಿತು. ಆಡು ಮಲಗೋ ಮುಂಚೆ ಮುಂಗಾಲಿನಿಂದ ನೆಲ ಕೆರೆಯುತ್ತೆ, ನೋಡಿದ್ದೀರಲ್ವಾ? ತನಗೆ ಬೇಕಾದ ಹಾಗೆ ತಗ್ಗು ಮಾಡಿಕೊಂಡು, ಹೊಟ್ಟೆ ಅದರಲ್ಲಿಟ್ಟು ಕೂರುತ್ತೆ. ಮುರಂ ಮೇಲೆ ಮಾತ್ರ ಅದು ಸಾಧ್ಯ. ಅದೇ ತಗ್ಗು ಮಳೆಗಾಲದಲ್ಲಿ ತಲೆನೋವು. ನಮ್ಮಲ್ಲಿ ಸೆಪ್ಟೆಂಬರ್ ಮಳೆ ಜೋರು. ಹೊರಗಿಂದ ಒದ್ದೆಯಾಗಿ ಬಂದ ಆಡುಗಳು ನೀರನ್ನೆಲ್ಲ ಒಳಗೆ ತರುತ್ತವೆ. ನೀರಿನ ತೊಟ್ಟಿ ಸುತ್ತ ಕೆಸರು, ತಗ್ಗಿನಲ್ಲಿ ಗಂಜಲ. ಆಗ ಗೊರಸಿನ ಸಂದಿ ಕೊಳೆತು ಆಡು ಕುಂಟುತ್ತೆ.

ನೆಲ ಕೆಟ್ಟಿದೆಯಾ ಅಂತ ತಿಳಿಯೋಕೆ ನಾವು ಮಾಡೋದು ಇಷ್ಟೇ: ಬೆಳಗ್ಗೆ ಬಾಗಿಲು ತೆಗೆಯೋ ಮುಂಚೆ ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕೂರಬೇಕು. ನಿಂತರೆ ಗೊತ್ತಾಗಲ್ಲ. ಆಡಿನ ಮೂಗಿನ ಎತ್ತರದಲ್ಲಿ ಕೂತಾಗ ಕಣ್ಣು ಚುರುಗುಟ್ಟಿದರೆ ಅದು ಅಮೋನಿಯಾ, ಗಂಜಲದಿಂದ ಏಳೋ ಘಾಟು ಗಾಳಿ. ಮೇಲಿನ ಮಣ್ಣು ಕೆರೆದು, ಸುಣ್ಣದ ಪುಡಿ ಎರಚಿ, ಒಣ ಮುರಂ ಹಾಕಬೇಕು. ಮರಿಗಳು ರಾತ್ರಿಯೆಲ್ಲ ಆ ಗಾಳಿಯನ್ನೇ ಕುಡಿದರೆ ಕೆಮ್ಮು ಶುರುವಾಗುತ್ತೆ. ಕೆರೆದು ತೆಗೆದ ಮಣ್ಣು ವ್ಯರ್ಥವಲ್ಲ, ನೇರ ತೊಗರಿ ಹೊಲಕ್ಕೆ ಹೋಗುತ್ತೆ.

ಪರಸಿಗೆ ನಾನು ವಕೀಲ ಆಗಿದ್ದೆ, ಆದರೂ ಇದ್ದದ್ದು ಹೇಳುತ್ತೇನೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಈ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತೆ. ಹಾಗಾಗಿ ಚಪ್ಪಡಿ ನಮಗೆ ಇಟ್ಟಿಗೆಗಿಂತ ಸಲೀಸು. ನಮ್ಮೂರಲ್ಲಿ ಮನೆ ನೆಲ, ಕಟ್ಟೆ, ಹೊಲದ ಬದು ಎಲ್ಲದಕ್ಕೂ ಅದೇ. ತೊಳೆದರೆ ಒಂದೇ ಸಲಕ್ಕೆ ಸ್ವಚ್ಛ. ಬೇಸಿಗೆ ಮಧ್ಯಾಹ್ನ ತಣ್ಣಗಿರುತ್ತೆ. ತೊಂದರೆ ಇರೋದು ಒದ್ದೆಯಾದಾಗ. ಗಂಜಲ, ಹಿಕ್ಕೆ ಸೇರಿ ಕಲ್ಲಿನ ಮೇಲೆ ಪಾಚಿಯಂಥ ಜಿಡ್ಡು ಕೂರುತ್ತೆ. ಗಬ್ಬದ ಆಡೊಂದು ಬಾಗಿಲಲ್ಲಿ ನುಗ್ಗಾಟಕ್ಕೆ ಸಿಕ್ಕಿ ಹಿಂಗಾಲು ಅಗಲಿಸಿ ಜಾರಿದ್ದನ್ನು ಕಣ್ಣಾರೆ ಕಂಡ ಮೇಲೆ ಅತ್ತ ಗಬ್ಬದವನ್ನು ಬಿಡೋದೇ ನಿಲ್ಲಿಸಿದೆವು. ಇನ್ನೊಂದು, ಕಲ್ಲಿನ ಕೂಡು. ಸಿಮೆಂಟ್ ತುಂಬಿದರೂ ವರ್ಷದೊಳಗೆ ಅಲ್ಲಲ್ಲಿ ಬಿಡುತ್ತೆ, ಗಂಜಲ ಅಡಿಗೆ ಇಳಿಯುತ್ತೆ. ಮೇಲೆ ಎಷ್ಟು ತೊಳೆದರೂ ವಾಸನೆ ಹೋಗಲ್ಲ. ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು ಕೊಟ್ಟು, ಹೊರಗೆ ಮೋರಿ ಮಾಡಿದರೆ ಅರ್ಧ ತೊಂದರೆ ಕಡಿಮೆ. ತೊಳೆಯೋಕೆ ನೀರು ಬೇಕಲ್ಲ ಅನ್ನೋದು ಬೇರೆ ವಿಷಯ. ಏಪ್ರಿಲ್‌ನಲ್ಲಿ ಬೋರ್ ಗೊರಗೊರ ಅನ್ನೋವಾಗ ಆಡಿನ ನೆಲ ತೊಳೆಯೋರು ಯಾರು?

ಅಟ್ಟದ ಕೋಣೆ ನಮಗೆ ಬಿದ್ದ ಖರ್ಚಿನಲ್ಲೇ ದೊಡ್ಡದು. ಬೇವಿನ ಹಲಗೆ, ಕಬ್ಬಿಣದ ಆ್ಯಂಗಲ್, ಹತ್ತೋಕೆ ಇಳಿಜಾರು ಮೆಟ್ಟಿಲು, ಕೆಳಗೆ ನಾಯಿ ನುಗ್ಗದಂತೆ ಜಾಳಿಗೆ. ಇದರಲ್ಲಿ ಎಲ್ಲ ನಿಂತಿರೋದು ಸಂದಿಯ ಲೆಕ್ಕದ ಮೇಲೆ. ಮರಿಗಳಿಗೆ ಅರ್ಧ ಇಂಚು, ದೊಡ್ಡವಕ್ಕೆ ಅದಕ್ಕಿಂತ ಒಂಚೂರು ಜಾಸ್ತಿ, ಮುಕ್ಕಾಲು ಇಂಚಿನೊಳಗೇ ಇರಬೇಕು. ಕಡಿಮೆ ಆದರೆ ಹಿಕ್ಕೆ ಸಿಕ್ಕಿಕೊಂಡು ಸಂದಿ ಮುಚ್ಚುತ್ತೆ, ಜಾಸ್ತಿ ಆದರೆ ಗೊರಸು ಇಳಿಯುತ್ತೆ. ಬಡಿಗೇರ ಅಳೆದು ಹೊಡೆದ ಸಂದಿ ನಮ್ಮ ಬಿಸಿಲಿಗೆ ಹಾಗೇ ಉಳಿಯಲ್ಲ ಅನ್ನೋದನ್ನು ಯಾವ ವಿಡಿಯೋದಲ್ಲೂ ನಾನು ಕೇಳಿರಲಿಲ್ಲ. ಹಸಿ ಹಲಗೆ ಮಾರ್ಚ್ ಹೊತ್ತಿಗೆ ಒಣಗಿ ಕುಗ್ಗುತ್ತೆ, ಸಂದಿ ಅಗಲ ಆಗುತ್ತೆ. ಒಂದು ಮರಿಯ ಕಾಲು ಸಿಕ್ಕಿ, ಅಣ್ಣ ಹಲಗೆ ಎಬ್ಬಿಸಿ ಬಿಡಿಸಿದ. ಆಮೇಲೆ ಇಡೀ ಅಟ್ಟವನ್ನು ಕಿತ್ತು ಮತ್ತೆ ಹೊಡೆದದ್ದಾಯಿತು. ವರ್ಷ ಒಣಗಿಸಿದ ಹಲಗೆಯನ್ನೇ ಕೇಳಿ ತಗೊಳ್ಳಬೇಕು. ಪ್ಲಾಸ್ಟಿಕ್ ಹಲಗೆಯೂ ಬರುತ್ತೆ, ಅದು ಕುಗ್ಗಲ್ಲ. ನಾವು ಅದನ್ನು ಹಾಕಿಲ್ಲ.

ಆದರೆ ಮರಿಗಳಿಗೆ ಅಟ್ಟದಷ್ಟು ಒಳ್ಳೇದು ಬೇರೆ ಇಲ್ಲ. ಇದರಲ್ಲಿ ಅಣ್ಣನದೇ ಗೆಲುವು. ಒಂದರಿಂದ ಮೂರು ತಿಂಗಳ ಮರಿಗಳಿಗೆ ಒದ್ದೆ ನೆಲದಿಂದ ಬರುವ, ಕಾಕ್ಸಿಡಿಯಾ ಅನ್ನೋ ಕಣ್ಣಿಗೆ ಕಾಣದ ಕರುಳಿನ ಜೀವಿಯ ಭೇದಿ ಮಳೆಗಾಲದಲ್ಲಿ ದೊಡ್ಡ ಕಾಟ. ಹಿಕ್ಕೆ ಕೆಳಗೆ ಬಿದ್ದು, ಬಾಯಿಗೆ ಸಿಗದೇ ಇದ್ದರೆ ಅದು ತುಂಬ ಇಳಿಯುತ್ತೆ. ಕೆಳಗೆ ಬಿದ್ದ ಗೊಬ್ಬರವೂ ಮಣ್ಣು ಸೇರದ ಗೊಬ್ಬರ, ಕೊಳ್ಳೋರು ಚೀಲ ಹಿಡಿದು ಬರುತ್ತಾರೆ. ಅದನ್ನು ಬಳಿಯೋ ಕೆಲಸ ಮಾತ್ರ ವೈನಿಯ, ಅಂದರೆ ಅಣ್ಣನ ಹೆಂಡತಿಯ ಪಾಲಿಗೆ ಬಿತ್ತು. ನಾಲ್ಕು ಅಡಿ ಎತ್ತರ ಅಂದರೆ ಬಗ್ಗಿಕೊಂಡೇ ಬಳಿಯಬೇಕು. "ನೀವ್ ಇಬ್ಬರೂ ಒಂದ್ ವಾರ ಬಳೀರಿ, ಆಮ್ಯಾಲ ಯಾವ್ದು ಚಲೋ ಹೇಳ್ರಿ" ಅಂದಳು. ಅವಳ ಮಾತಿಗೆ ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಶೆಡ್ ಕಟ್ಟೋರು ಕಸ ಹೊಡೆಯೋರನ್ನು ಕೇಳದೆ ನಕ್ಷೆ ಹಾಕಬಾರದು ಅಂತ ನನ್ನ ಅಭಿಪ್ರಾಯ.

ಒಂದು ಹಂತದಲ್ಲಿ ನಮ್ಮ ವಾದ ಸಾಕಾಗಿ ಆಡುಗಳಿಗೇ ಬಿಟ್ಟೆವು. ಸಂಜೆ ಮೂರು ಕೋಣೆಯ ನಡುವಿನ ಗೇಟು ತೆಗೆದಿಟ್ಟು, ರಾತ್ರಿ ಬ್ಯಾಟರಿ ಹಿಡಿದು ಯಾರು ಎಲ್ಲಿ ಮಲಗಿದ್ದಾರೆ ಅಂತ ನೋಡೋದು. ಚಳಿಗಾಲದಲ್ಲಿ ದೊಡ್ಡ ಆಡುಗಳು ಮುರಂ ಬಿಟ್ಟು ಕದಲಲಿಲ್ಲ. ಅಟ್ಟದ ಸಂದಿಯಲ್ಲಿ ಕೆಳಗಿನಿಂದ ಥಂಡಿ ಗಾಳಿ ಬರುತ್ತೆ, ನಾವು ಮರಿಗಳಿಗೆ ಗೋಣಿ ಹಾಸುತ್ತಿದ್ದದ್ದೂ ಅದಕ್ಕೇ. ಮಳೆ ಹಿಡಿದ ರಾತ್ರಿ ಎಲ್ಲವೂ ಅಟ್ಟಕ್ಕೆ ನುಗ್ಗಿ, ಜಾಗ ಸಾಲದೆ ಗುದ್ದಾಟ. ಪರಸಿ ಮೇಲೆ ಮೇ ತಿಂಗಳ ಮಧ್ಯಾಹ್ನ ಬಿಟ್ಟರೆ ರಾತ್ರಿ ಹೋತ ಒಂದೇ. ಅದಕ್ಕೆ ಬೇರೆ ಕಡೆ ಯಾರೂ ಜಾಗ ಕೊಡಲ್ಲ ಅಂತಲೋ ಏನೋ. ಮುತ್ಯಾನಿಗೆ ಬೆಳಗ್ಗೆ ಈ ಸುದ್ದಿ ಕೊಟ್ಟರೆ ಏನೂ ಅನ್ನದೆ ಅಡಿಕೆ ಕತ್ತರಿಸುತ್ತಾ ಕೂತ.

ಮಾಡಿನದು ಸಣ್ಣದಾಗಿ ಹೇಳುತ್ತೇನೆ. ಪತ್ರಾ, ಅಂದರೆ ತಗಡಿನ ಶೀಟು, ಹಗುರ, ಬೇಗ ಆಗುತ್ತೆ, ಆದರೆ ಬೇಸಿಗೆಯಲ್ಲಿ ಒಳಗೆ ಧಗೆ. ಸಿಮೆಂಟ್ ಶೀಟು ಅದಕ್ಕಿಂತ ತಂಪು, ಕೋತಿ ಹಾರಿದರೆ ಒಡೆಯುತ್ತೆ. ನಾವು ಪತ್ರಾ ಹಾಕಿ ಮೇಲೆ ಸುಣ್ಣ ಬಳಿದು, ಮಾರ್ಚ್‌ನಲ್ಲಿ ಜೋಳದ ಕಣಿಕೆ ಹೊದಿಸುತ್ತೇವೆ, ಮಳೆ ಬರೋ ಮುಂಚೆ ಇಳಿಸಿ ದನಕ್ಕೆ ಹಾಕುತ್ತೇವೆ. ಬೆಂಕಿ, ಇಲಿ ಎರಡರ ಭಯವೂ ಇದೆ, ಸುತ್ತ ಬೀಡಿ ಸೇದೋಕೆ ಬಿಡಬೇಡಿ. ನಡುವೆ ಹತ್ತು ಹನ್ನೆರಡು ಅಡಿ, ಅಂಚಿಗೆ ಎಂಟು ಅಡಿ ಎತ್ತರ ಇರಲಿ. ಮುಂಗಾರಿಗೆ ಮುಂಚಿನ ಬಿರುಗಾಳಿ ಪತ್ರಾವನ್ನು ಹೊಲಕ್ಕೆ ಒಯ್ಯುತ್ತೆ, ಹುಕ್ಕು ಬಿಗಿಯೋದರಲ್ಲಿ ಕಂಜೂಸಿ ಬೇಡ. ಶೆಡ್ಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇದ್ದರೆ ಬೆಳಗಿನ, ಸಂಜೆಯ ಬಿಸಿಲು ಒಳಗೆ ನುಗ್ಗಲ್ಲ. ದಕ್ಷಿಣದ ಕಡೆ ತೆರೆದಿಟ್ಟರೆ ಚಳಿಗಾಲದ ಓರೆ ಬಿಸಿಲು ಒಳಗೆ ಬಂದು ನೆಲ ಒಣಗಿಸುತ್ತೆ.

ಗೋಡೆಗೆ ದುಡ್ಡು ಸುರಿಯಬೇಡಿ. ಮೂರು ಅಡಿ ಇಟ್ಟಿಗೆ, ಮೇಲೆ ಜಾಳಿಗೆ. ತೊಗರಿ ಕಟ್ಟಿಗೆಯ ತಡಿಕೆ ಅಗ್ಗ, ಗಾಳಿಯೂ ಆಡುತ್ತೆ, ಆದರೆ ತೋಳ, ಬೀದಿನಾಯಿ ತಡೆಯೋಕೆ ಸಾಲದು.

ಈಗ ನಮ್ಮ ಶೆಡ್ ಹೀಗಿದೆ. ದೊಡ್ಡ ಆಡುಗಳಿಗೆ ಮುರಂ, ಒಂದಕ್ಕೆ ಹತ್ತು ಚದರಡಿ, ಹೊರಗೆ ಅದರ ಎರಡರಷ್ಟು ಅಂಗಳ. ಅಟ್ಟ ಮರಿಗಳಿಗೆ ಮಾತ್ರ. ಮರಿಗೆ ನಾಲ್ಕೈದು ಚದರಡಿ ಸಾಕಾಗೋದರಿಂದ ಅಟ್ಟ ಸಣ್ಣದಿದ್ದರೂ ನಡೆಯುತ್ತೆ, ಖರ್ಚೂ ಹಿಡಿತಕ್ಕೆ ಬರುತ್ತೆ. ಹೋತಕ್ಕೆ ಇಪ್ಪತ್ತು ಚದರಡಿಯ ಬೇರೆ ಗೂಡು. ಮಳೆಗಾಲದಲ್ಲಿ ಈದ ತಾಯಿಗಳನ್ನೂ ಮರಿ ಜೊತೆ ಅಟ್ಟಕ್ಕೆ ಹತ್ತಿಸುತ್ತೇವೆ. ಪರಸಿಯನ್ನು ಮೇವಿನ ಗೋದಲಿ ಕೆಳಗೆ, ನೀರಿನ ತೊಟ್ಟಿ ಸುತ್ತ ಪಟ್ಟಿಯಂತೆ ಹಾಕಿದ್ದೇವೆ. ಬಿದ್ದ ತೊಗರಿ ಹೊಟ್ಟನ್ನು ಅಲ್ಲಿಂದ ಗುಡಿಸಿ ದನಕ್ಕೆ ಹಾಕಬಹುದು, ಕೆಸರೂ ಆಗಲ್ಲ. ಇನ್ನು ಕರುಳುಬೇನೆ, ಪಿಪಿಆರ್ (ಆಡಿನ ಪ್ಲೇಗ್) ಲಸಿಕೆ ಯಾವ ನೆಲ ಇದ್ದರೂ ತಪ್ಪಿಸೋ ಹಾಗಿಲ್ಲ.

ದುಡ್ಡು ಕಡಿಮೆ ಇದ್ದರೆ ಮೊದಲು ಬುನಾದಿ ಎತ್ತರ, ಆಮೇಲೆ ಮಾಡಿನ ಎತ್ತರ, ಮರಿ ಹುಟ್ಟೋ ಹೊತ್ತಿಗೆ ಸಣ್ಣದೊಂದು ಅಟ್ಟ. ಪರಸಿ ಕೊನೆಗೆ. ತರೋವಾಗ ಪಾಲಿಶ್ ಮಾಡದ, ಒಂದೂವರೆ ಇಂಚು ದಪ್ಪದ್ದನ್ನೇ ಕೇಳಿ. ತೆಳು ಕಲ್ಲು ಲಾರಿಯಿಂದ ಇಳಿಸೋವಾಗಲೇ ಎರಡು ಮೂರು ತುಂಡಾಗುತ್ತೆ.