ಟ್ಯೂಬ್ ಆಂಪ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಮನೆಯ ಮ್ಯೂಸಿಕ್ ಸಿಸ್ಟಮ್‌ಗೆ ಟ್ಯೂಬ್ ಆಂಪ್ಲಿಫೈಯರ್ (ವಾಲ್ವ್ ಅಥವಾ ಟ್ಯೂಬ್ ಅನ್ನುವ ಗಾಜಿನ ಕೊಳವೆಗಳಿಂದ ಸದ್ದು ಹೆಚ್ಚಿಸುವ ಪೆಟ್ಟಿಗೆ) ಹಾಕಬೇಕು ಅಂತ ದುಡ್ಡು ಕೂಡಿಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಒಂದೂಕಾಲು ಲಕ್ಷ ರೂಪಾಯಿ ಕೊಟ್ಟು ತಂದ ಆಂಪ್ ವರ್ಷ ತುಂಬುವ ಮೊದಲೇ ಸುಟ್ಟುಹೋಯಿತು. ದುಡ್ಡು ಹೋದದ್ದಕ್ಕಿಂತ ಅದು ಸುಟ್ಟ ರೀತಿ ನೋಡಿ ನಾವು ಬೆಚ್ಚಿಬಿದ್ದೆವು. ಆ ಹೊತ್ತಿಗೆ ಯಾರೂ ಹತ್ತಿರ ಇರದಿದ್ದರೆ ಮನೆಗೇ ಬೆಂಕಿ ಬೀಳಬಹುದಿತ್ತು.

ಮಾರಿದವರ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ನಡೆಯುತ್ತಿದೆ. ಹೆಸರಿಗಿಂತ ಮೋಸ ಎಲ್ಲಿ ಅಡಗಿತ್ತು ಅನ್ನೋದು ನಿಮಗೆ ಗೊತ್ತಾಗುವುದು ಮುಖ್ಯ.

ಇಎಲ್34 ಅನ್ನುವ ಮಾದರಿಯ ನಾಲ್ಕು ವಾಲ್ವ್ ಇರುವ ಪುಶ್-ಪುಲ್ ಆಂಪ್ ಅದು, ಅಂದರೆ ಎಡ, ಬಲ ಒಂದೊಂದು ಚಾನೆಲ್‌ಗೂ ಎರಡು ವಾಲ್ವ್ ಜೋಡಿಯಾಗಿ ಕೆಲಸ ಮಾಡುತ್ತವೆ. ಚಾನೆಲ್‌ಗೆ 40 ವಾಟ್ ಅಂತ ಹೇಳಿದ್ದರು. ಇಎಲ್34 ಜೋಡಿಗೆ 35ರಿಂದ 40 ವಾಟ್ ಸಹಜವಾದ ಅಂಕಿ, ಹಾಗಾಗಿ ಅನುಮಾನಕ್ಕೆ ಜಾಗ ಇರಲಿಲ್ಲ. ನಮ್ಮ ಕರೆಂಟ್‌ಗೆ ಹೊಂದುತ್ತದಾ ಅಂತ ವಾಟ್ಸಾಪ್‌ನಲ್ಲಿ ಬರೆದೇ ಕೇಳಿದ್ದೆ. "230 ವೋಲ್ಟ್‌ದೇ ಸಾರ್, ಇಂಡಿಯಾಕ್ಕೆ ಅಂತಲೇ ಮಾಡಿಸಿದ್ದು" ಅಂತ ಬರೆದೇ ಉತ್ತರ ಕೊಟ್ಟರು. ಆ ಮೆಸೇಜ್ ಇವತ್ತು ನನ್ನ ಕೈಯಲ್ಲಿರುವ ದೊಡ್ಡ ಸಾಕ್ಷಿ.

ಡೆಮೋ ಬಗ್ಗೆ ಮೊದಲು ಹೇಳುತ್ತೇನೆ. ಅಂಗಡಿಯಲ್ಲಿ ಆಂಪ್ ಅನ್ನು ದೊಡ್ಡ ಹಾರ್ನ್ ಸ್ಪೀಕರ್‌ಗೆ ಹಾಕಿದ್ದರು. ಅದರ ಸೆನ್ಸಿಟಿವಿಟಿ, ಅಂದರೆ 1 ವಾಟ್‌ಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವ ಅಳತೆ, 98 ಡೆಸಿಬಲ್. ನಮ್ಮ ಮನೆಯ ಬುಕ್‌ಶೆಲ್ಫ್ ಸ್ಪೀಕರ್‌ದು 86. ಈ 12 ಡೆಸಿಬಲ್ ವ್ಯತ್ಯಾಸ ಸಣ್ಣದಲ್ಲ. ಪ್ರತಿ 3 ಡೆಸಿಬಲ್‌ಗೆ ಪವರ್ ಎರಡು ಪಟ್ಟು ಆಗಬೇಕು. ಅಂದರೆ ಅಲ್ಲಿ 1 ವಾಟ್‌ನಲ್ಲಿ ಬಂದ ಸದ್ದು ನಮ್ಮ ಮನೆಯಲ್ಲಿ ಬರಬೇಕಾದರೆ ಸುಮಾರು 16 ವಾಟ್ ಬೇಕು. ಅಲ್ಲಿ ಆ ಆಂಪ್ ಬೆವರು ಸುರಿಸುವ ಪ್ರಮೇಯವೇ ಇರಲಿಲ್ಲ. ಹಾಕಿದ್ದೂ ಹೆಂಗಸರ ಗಾಯನ, ಗಿಟಾರ್ ಅಷ್ಟೇ. ಯಾವ ಟ್ಯೂಬ್ ಆಂಪ್ ಕೂಡ ಇಂಥ ಡೆಮೋದಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ನಿಮ್ಮ ಸ್ಪೀಕರನ್ನೇ ತೆಗೆದುಕೊಂಡು ಹೋಗಿ ಕೇಳಿ, ಇಲ್ಲವೇ ಆಂಪ್ ಅನ್ನು ಮನೆಗೆ ತರಿಸಿ ಕೇಳಿ. ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮನೆಗೆ ಬಂದ ಮೇಲೆ ಮಲ್ಲಿಕಾರ್ಜುನ ಮನ್ಸೂರರ ದನಿ ಕೇಳಿದಾಗ ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು. ಅದು ನಿಜ. ವಾಲ್ವ್‌ನ ಸೊಗಸು ಸುಳ್ಳಲ್ಲ. ಆದರೆ ಕಛೇರಿಯ ರೆಕಾರ್ಡಿಂಗ್ ಹಾಕಿದರೆ ಮೃದಂಗದ ಎಡಭಾಗದ ಗುಂಕಾರ ಕಲಸಿಹೋಗುತ್ತಿತ್ತು. ಸ್ವಲ್ಪ ಸದ್ದು ಜಾಸ್ತಿ ಮಾಡಿದರೆ ತನಿ ಆವರ್ತನವೇ ಅಸ್ಪಷ್ಟ. ಮಾರಿದವರಿಗೆ ಫೋನ್ ಮಾಡಿದೆ. "ಬರ್ನ್-ಇನ್ ಆಗಬೇಕು ಸಾರ್, 200 ಗಂಟೆ ಓಡಿಸಿ" ಅಂದರು. ಹೊಸ ಆಂಪ್ ಓಡಿ ಓಡಿ ಹದಕ್ಕೆ ಬರಬೇಕು ಅನ್ನೋದು ಅವರ ಮಾತು. ದಿನಕ್ಕೆರಡು ಗಂಟೆ ಕೇಳುವ ಮನೆಯಲ್ಲಿ 200 ಗಂಟೆ ಅಂದರೆ ಮೂರು ತಿಂಗಳು. ವಾಪಸ್ ಕೊಡುವ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ. ಹೊಸ ವಾಲ್ವ್ ನೆಲೆಗೊಳ್ಳಲು ಒಂದಷ್ಟು ಗಂಟೆ ಬೇಕಾಗಬಹುದು. ಆದರೆ ಕಲಸಿದ ಬಾಸ್ ಕಾದರೆ ಸರಿಹೋಗುವುದಿಲ್ಲ. ಈ ಮಾತು ಕೇಳಿದ ದಿನವೇ ಲಿಖಿತವಾಗಿ ಆಕ್ಷೇಪ ಕಳಿಸಿ.

ಟ್ರಾನ್ಸ್‌ಫಾರ್ಮರ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದೆ ಅಂದಾಗಲೂ ಉತ್ತರ ಸಿದ್ಧವಿತ್ತು. "ಟ್ಯೂಬ್ ಅಂದ್ರೆ ಬಿಸಿನೇ ಅಲ್ವಾ ಸಾರ್." ವಾಲ್ವ್ ಬಿಸಿಯಾಗಲೇಬೇಕು, ಸರಿ. ಆದರೆ ಮನೆಯ ಕರೆಂಟನ್ನು ಆಂಪ್‌ಗೆ ಬೇಕಾದ ವೋಲ್ಟೇಜ್‌ಗೆ ಬದಲಿಸುವ ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ ಕೈಯಿಡಲು ಆಗದಷ್ಟು ಕಾವು ಬಂದರೆ ಅದನ್ನು ಪರೀಕ್ಷೆ ಮಾಡಿಸಲೇಬೇಕು.

ನಮ್ಮದು ಮೈಸೂರು. ರಾತ್ರಿ ಲೋಡ್ ಕಡಿಮೆಯಾದ ಮೇಲೆ ನಮ್ಮ ಬೀದಿಯಲ್ಲಿ ವೋಲ್ಟೇಜ್ 245ರವರೆಗೆ ಏರುತ್ತದೆ. ಒಂದು ರಾತ್ರಿ ಹಾಡಿನ ಮಧ್ಯೆ ಗುಂಯ್ ಅನ್ನುವ ಸದ್ದು ಶುರುವಾಯಿತು. ನೋಡಿದರೆ ಒಂದು ಇಎಲ್34ರ ಒಳಗಿನ ಲೋಹದ ತಗಡೇ ಕೆಂಪಗೆ ಕಾದಿತ್ತು. ವಾಲ್ವ್ ನಡುವೆ ಫಿಲಮೆಂಟ್ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ಸಹಜ. ಸುತ್ತಲಿನ ಬೂದು ತಗಡು, ಅಂದರೆ ಆನೋಡ್, ಕೆಂಪಾಯಿತೆಂದರೆ ಅಪಾಯ. ತಕ್ಷಣ ಕರೆಂಟ್ ತೆಗೆಯಬೇಕು. ಸ್ವಿಚ್ ಆಫ್ ಮಾಡುವಷ್ಟರಲ್ಲಿ ವಾರ್ನಿಶ್ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಫ್ಯೂಸ್ ಹೋಗಲೇ ಇಲ್ಲ.

ವಾಲ್ವ್ ರೇಡಿಯೋ ಕಾಲದಿಂದಲೂ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರ ಹತ್ತಿರ ಹೊತ್ತುಕೊಂಡು ಹೋದೆವು. ಅವರು ಮೊದಲು ತೆಗೆದದ್ದು ಫ್ಯೂಸ್. ಹಿಂದಿನ ಪ್ಲೇಟ್ ಮೇಲೆ 3 ಆಂಪಿಯರ್ ಅಂತ ಅಚ್ಚಾಗಿದೆ. ಒಳಗಿದ್ದದ್ದು 10 ಆಂಪಿಯರ್. "ನೋಡಪ್ಪ, ಇದು ಫ್ಯೂಸ್ ಅಲ್ಲ, ಬರೀ ತಂತಿ. ಮನೆ ಸುಟ್ರೂ ಇದು ಹೋಗಲ್ಲ" ಅಂದರು. ಮಾರಿದವರನ್ನು ಕೇಳಿದರೆ, ಸ್ವಿಚ್ ಹಾಕುವಾಗ ಪದೇ ಪದೇ ಫ್ಯೂಸ್ ಹೋಗುತ್ತಿತ್ತು, ಅದಕ್ಕೆ ದೊಡ್ಡದು ಹಾಕಿದೆವು ಅಂತ ಒಪ್ಪಿಕೊಂಡರು. ಸ್ವಿಚ್ ಹಾಕಿದ ಕ್ಷಣ ಟ್ರಾನ್ಸ್‌ಫಾರ್ಮರ್ ಜಾಸ್ತಿ ಕರೆಂಟ್ ಎಳೆಯುವುದು ನಿಜ. ಅದಕ್ಕೆಂದೇ ನಿಧಾನವಾಗಿ ಹೋಗುವ ಸ್ಲೋ-ಬ್ಲೋ ಫ್ಯೂಸ್ ಸಿಗುತ್ತದೆ. ಕೆಲವೇ ರೂಪಾಯಿಯ ಸಾಮಾನು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಆಮೇಲೆ ಅಂಗಡಿಯವರು ಅಂಟಿಸಿದ್ದ 230 ವೋಲ್ಟ್ ಸ್ಟಿಕ್ಕರನ್ನು ಆ ಹಿರಿಯರು ಬಿಡಿಸಿದರು. ಅದರ ಕೆಳಗೆ ತಯಾರಕರದೇ ಅಚ್ಚು: 220 ವೋಲ್ಟ್. ಹೊರದೇಶದ ಮಾರುಕಟ್ಟೆಗೆ ಮಾಡಿದ ಆಂಪ್‌ಗೆ ಸ್ಟಿಕ್ಕರ್ ಹಚ್ಚಿ ಮಾರಿದ್ದರು. 220ಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗೆ 245 ಕೊಟ್ಟರೆ ಒಳಗಿನ ಎಲ್ಲ ವೋಲ್ಟೇಜೂ ಶೇಕಡ 11ರಷ್ಟು ಏರುತ್ತದೆ. 6.3 ವೋಲ್ಟ್ ಬೇಕಾದ ಫಿಲಮೆಂಟ್‌ಗೆ 7 ವೋಲ್ಟ್. ಕೆಟ್ಟ ಚಾನೆಲ್ ಬಿಟ್ಟು ಚೆನ್ನಾಗಿದ್ದ ಇನ್ನೊಂದು ಚಾನೆಲ್ ಅಳೆದರು. ಆನೋಡ್ ಮೇಲೆ 465 ವೋಲ್ಟ್, ಹರಿಯುತ್ತಿದ್ದ ಕರೆಂಟ್ 62 ಮಿಲಿ ಆಂಪಿಯರ್. ಗುಣಿಸಿದರೆ ಹತ್ತಿರ ಹತ್ತಿರ 29 ವಾಟ್. ಇಎಲ್34ರ ಆನೋಡ್ ತಡೆಯುವ ಮಿತಿ 25 ವಾಟ್. ಚೆನ್ನಾಗಿದ್ದ ಕಡೆಯ ಸ್ಥಿತಿಯೇ ಇದು. ಬಯಸ್ ಅನ್ನು, ಅಂದರೆ ವಾಲ್ವ್‌ನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅನ್ನುವ ಹೊಂದಾಣಿಕೆಯನ್ನು, ಯಾರೂ ನಮ್ಮ ಕರೆಂಟ್‌ಗೆ ತಕ್ಕಂತೆ ಹೊಂದಿಸಿರಲಿಲ್ಲ. ಸುಟ್ಟ ಚಾನೆಲ್‌ನಲ್ಲಿ ವಾಲ್ವ್ ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸುರುಳಿಯೂ ಹೋಗಿತ್ತು.

ಆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಎಲ್ಲಕ್ಕಿಂತ ಮುಖ್ಯ. ವಾಲ್ವ್‌ನಿಂದ ಸ್ಪೀಕರ್‌ಗೆ ಹೋಗುವ ಸದ್ದೆಲ್ಲ ಅದರ ಮೂಲಕವೇ ಹಾಯಬೇಕು. ಬಾವಿಯಲ್ಲಿ ಎಷ್ಟೇ ನೀರಿರಲಿ, ಮೇಲೆ ಬರುವುದು ಬಿಂದಿಗೆ ಹಿಡಿಯುವಷ್ಟೇ. ತಗ್ಗಿನ ಸ್ವರಗಳಿಗೆ ದೊಡ್ಡ ಕಬ್ಬಿಣದ ಕೋರ್ ಬೇಕು. ದೊಡ್ಡ ಕೋರ್‌ಗೆ ಖರ್ಚು ಜಾಸ್ತಿ, ತೂಕ ಜಾಸ್ತಿ, ಸಾಗಾಟವೂ ಕಷ್ಟ. ಹಾಗಾಗಿ ಉಳಿಸುವವರು ಅಲ್ಲೇ ಉಳಿಸುತ್ತಾರೆ. ನಮ್ಮ ಆಂಪ್‌ನ ಚೆನ್ನಾಗಿದ್ದ ಚಾನೆಲ್‌ಗೆ ಸ್ಪೀಕರ್ ಬದಲು 8 ಓಮ್ ರೆಸಿಸ್ಟರ್ ಕಟ್ಟಿ, ಸದ್ದಿನ ಅಲೆಯ ಆಕಾರ ತೋರಿಸುವ ಸ್ಕೋಪ್‌ನಲ್ಲಿ ನೋಡಿದರು. 1,000 ಹರ್ಟ್ಸ್‌ನಲ್ಲಿ 22 ವಾಟ್‌ವರೆಗೆ ಅಲೆ ಸ್ವಚ್ಛವಾಗಿತ್ತು. 40 ಹರ್ಟ್ಸ್‌ನಲ್ಲಿ, ಅಂದರೆ ತೀರಾ ತಗ್ಗಿನ ಸ್ವರದಲ್ಲಿ, 8 ವಾಟ್ ದಾಟುವ ಮೊದಲೇ ಆಕಾರ ಕೆಟ್ಟಿತು. ಮೃದಂಗ ಕಲಸಿಹೋಗುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. 40 ವಾಟ್ ಅನ್ನೋ ಅಂಕಿ ಎಷ್ಟು ಹರ್ಟ್ಸ್‌ನಲ್ಲಿ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ಸದ್ದು ಎಷ್ಟು ಕೆಟ್ಟಾಗ) ಅಂತ ಕೇಳದೆ ನಂಬಬೇಡಿ.

ವಾರಂಟಿ ಕೇಳಿದಾಗ ಬಂದ ಉತ್ತರ: ವಾಲ್ವ್ ಸವೆಯುವ ಸಾಮಾನು, ವಾರಂಟಿ ಇಲ್ಲ, ವಾಲ್ವ್ ಕೆಟ್ಟದ್ದರಿಂದ ಟ್ರಾನ್ಸ್‌ಫಾರ್ಮರ್ ಹೋಗಿದೆ, ಅದಕ್ಕೂ ಇಲ್ಲ. ಪವರ್ ವಾಲ್ವ್‌ಗಳು ಸಾಮಾನ್ಯವಾಗಿ 2,000 ಗಂಟೆ ದಾಟಿ ಬಾಳಬೇಕು. ನಮ್ಮದು ಅದರ ಅರ್ಧವೂ ಓಡಿರಲಿಲ್ಲ.

ಬದಲಿ ವಾಲ್ವ್ ಹುಡುಕುವಾಗ ಇನ್ನೊಂದು ಬಲೆ ಕಾಣಿಸಿತು. ಈಗ ಹೊಸ ವಾಲ್ವ್ ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ ಬರುತ್ತವೆ. 2022ರಲ್ಲಿ ರಷ್ಯಾದಿಂದ ಪೂರೈಕೆಗೆ ತಡೆ ಬಿದ್ದಾಗ ಬೆಲೆ ಏರಿತು. ಹಳೆಯ ದಾಸ್ತಾನಿನದು ಅಂತ ಹೇಳಿ ಮಾರುವುದಕ್ಕೆ ಇದರಿಂದ ಕಳೆ ಬಂದಿದೆ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಿಂದ ರೇಡಿಯೋ ವಾಲ್ವ್ ಮಾಡುತ್ತಿತ್ತು. ಅವುಗಳ ಮೇಲೆ ನಮ್ಮವರಿಗೆ ಅಭಿಮಾನ ಇದೆ, ನನಗೂ ಇದೆ. ಆದರೆ ಗಾಜಿನ ಮೇಲಿನ ಅಕ್ಷರ ಒರೆಸಿ ಬೇರೆ ಹೆಸರು ಅಚ್ಚು ಹಾಕುವುದು ಸುಲಭ. ಟೆಸ್ಟರ್‌ನಲ್ಲಿ ಹಾಕಿ ಅಳತೆ ತೋರಿಸದೆ ಇದ್ದರೆ ಹಳೆಯ ವಾಲ್ವ್‌ಗೆ ದುಡ್ಡು ಕೊಡಬೇಡಿ. ಮುಲಾರ್ಡ್ ಅನ್ನುವ ವಾಲ್ವ್ ಬ್ರ್ಯಾಂಡ್‌ನ ಹೆಸರೂ ಹಾಗೆಯೇ. ಹಿಂದೆ ಇಂಗ್ಲೆಂಡಿನಲ್ಲಿ ಆಗುತ್ತಿತ್ತು, ಈಗ ಅದೇ ಹೆಸರಿನ ಹೊಸ ವಾಲ್ವ್ ಬರುವುದು ರಷ್ಯಾದಿಂದ. ಕೆಟ್ಟದ್ದು ಅಂತಲ್ಲ. ಆದರೆ ಹಳೆಯ ಇಂಗ್ಲಿಷ್ ಮುಲಾರ್ಡ್‌ನ ಬೆಲೆ ಅದಕ್ಕೆ ಸಲ್ಲದು.

ಐದಾರು ಸಾವಿರಕ್ಕೆ ಸಿಗುವ ಪುಟ್ಟ ಟ್ಯೂಬ್ ಆಂಪ್‌ಗಳ ಬಗ್ಗೆಯೂ ಒಂದು ಮಾತು. ಬಹಳಷ್ಟರಲ್ಲಿ ಸ್ಪೀಕರ್ ಓಡಿಸುವುದು ವಾಲ್ವ್ ಅಲ್ಲ, ಕ್ಲಾಸ್-ಡಿ ಅನ್ನುವ ಎಲೆಕ್ಟ್ರಾನಿಕ್ ಚಿಪ್. ಮುಂದೆ ಎರಡು ಸಣ್ಣ ವಾಲ್ವ್ ಕಡಿಮೆ ವೋಲ್ಟೇಜ್‌ನಲ್ಲಿ ಓಡುತ್ತಿರುತ್ತವೆ. ಅವುಗಳ ಕೆಳಗೆ ಕಿತ್ತಳೆ ಎಲ್‌ಇಡಿ ಇಟ್ಟಿರುತ್ತಾರೆ. ಭಾರವಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲ ಅಂದರೆ ಅದು ನೀವು ಅಂದುಕೊಂಡ ಟ್ಯೂಬ್ ಆಂಪ್ ಆಗಿರುವುದು ಬಹಳ ಅಪರೂಪ.

ಹಾಗಾದರೆ ಕೊಳ್ಳಲೇಬಾರದಾ? ಕೊಳ್ಳಿ. ಆದರೆ ಗಾಜಿನ ಬೆಳಕು ನೋಡಿ ಕೊಳ್ಳಬೇಡಿ. ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟ್‌ಗೆ ಸುತ್ತಿದ್ದು ಅಂತ ತಯಾರಕರ ಅಚ್ಚನ್ನೇ ನೋಡಿ. ಜಪಾನಿನ 100 ವೋಲ್ಟ್, ಅಮೆರಿಕದ 120 ವೋಲ್ಟ್ ಸೆಟ್‌ಗಳು ಕೂಡ ಇಲ್ಲಿ ಸುತ್ತಾಡುತ್ತಿವೆ. 60 ಹರ್ಟ್ಸ್‌ಗೆ ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಇನ್ನೂ ಜಾಸ್ತಿ ಬಿಸಿಯಾಗುತ್ತದೆ. ಬಯಸ್ ಹೊಂದಿಸಿ ಕೊಡುವವರು ಯಾರು, ನಿಮ್ಮ ಊರಲ್ಲಿ ರಿಪೇರಿ ಮಾಡುವವರು ಯಾರು ಅಂತ ಹೆಸರು ಸಮೇತ ಕೇಳಿ. ವಾಲ್ವ್‌ಗೆ ಎಷ್ಟು ತಿಂಗಳ ವಾರಂಟಿ, ಟ್ರಾನ್ಸ್‌ಫಾರ್ಮರ್‌ಗೆ ಎಷ್ಟು ವರ್ಷ ಅಂತ ಜಿಎಸ್‌ಟಿ ಬಿಲ್ ಮೇಲೆಯೇ ಬರೆಸಿಕೊಳ್ಳಿ. ಬಿಲ್ ಬೇಡ, ಕಮ್ಮಿಗೆ ಕೊಡ್ತೀವಿ ಅಂದರೆ ಬೇಡವೇ ಬೇಡ.

ನನಗೆ ಬಿಲ್ ಇದ್ದದ್ದರಿಂದಲೇ ಮುಂದಿನ ದಾರಿ ಸಿಕ್ಕಿತು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಮಾರಿದವರು ಜಗ್ಗಲಿಲ್ಲ. ಈಗ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೇಸ್ ಇದೆ. 5 ಲಕ್ಷದವರೆಗಿನ ವಸ್ತುವಿಗೆ ಆಯೋಗದಲ್ಲಿ ಶುಲ್ಕವಿಲ್ಲ. ತೊಂದರೆ ಆದ ಎರಡು ವರ್ಷದೊಳಗೆ ದೂರು ಹಾಕಬೇಕು. ಫೋಟೋ, ಮೆಸೇಜ್, ಮೆಕ್ಯಾನಿಕ್ ಬರೆದುಕೊಟ್ಟ ಅಳತೆ ಎಲ್ಲ ಸೇರಿಸಿದ್ದೇನೆ. ಸ್ಟಿಕ್ಕರ್ ಬಿಡಿಸುವ ಮುಂಚೆಯೂ ಬಿಡಿಸಿದ ಮೇಲೂ ಫೋಟೋ ತೆಗೆದಿದ್ದು ತುಂಬ ಉಪಯೋಗಕ್ಕೆ ಬಂತು.

ಈಗಾಗಲೇ ಮನೆಯಲ್ಲಿ ಟ್ಯೂಬ್ ಆಂಪ್ ಇರುವವರು ಇವತ್ತೇ ಪ್ಲಗ್ ಕಿತ್ತು ಹಿಂದಿನ ಫ್ಯೂಸ್ ತೆಗೆದು ನೋಡಿ. ಪ್ಲೇಟ್ ಮೇಲಿನ ಅಂಕಿಗೂ ಫ್ಯೂಸ್ ಮೇಲಿನ ಅಂಕಿಗೂ ತಾಳೆಯಾಗಬೇಕು. ಸ್ಪೀಕರ್ ಕಟ್ಟದೆ ಆಂಪ್ ಹಾಕಿ ಹಾಡು ಬಿಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಅರ್ಥಿಂಗ್ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಬೇಡಿ. ಕೆಳಗಿನ ಮುಚ್ಚಳವನ್ನಂತೂ ನೀವಾಗಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು, ಅದು ಜೀವ ತೆಗೆಯುತ್ತದೆ. ಗೊತ್ತಿರುವವರ ಕೈಯಲ್ಲೇ ತೆಗೆಸಿ.