ಸಿಬಿಲ್ ಕ್ಲೀನ್ ಮಾಡಿಕೊಡ್ತೀವಿ ಅಂತ ಫೋನ್ ಬಂದರೆ ಒಂದು ರೂಪಾಯಿಯೂ ಹಾಕಬೇಡಿ

ಹಳೇ ಕ್ರೆಡಿಟ್ ಕಾರ್ಡ್ ಬಾಕಿ ಇದೆ, ಇವತ್ತೇ ಸೆಟಲ್ ಮಾಡಿದರೆ ಸಿಬಿಲ್‌ನಿಂದ (ಎಲ್ಲರ ಸಾಲದ ಲೆಕ್ಕ ಇಟ್ಟುಕೊಂಡು ರಿಪೋರ್ಟ್ ಕೊಡೋ ಕಂಪನಿ) ಹೆಸರು ತೆಗೆಸ್ತೀವಿ ಅಂತ ಯಾರಾದರೂ ಫೋನ್ ಮಾಡಿದರೆ ದುಡ್ಡು ಹಾಕೋ ಮುಂಚೆ ಇದನ್ನು ಓದಿ. ನಮ್ಮ ಮನೆಯಲ್ಲಿ ದುಡ್ಡು ಹೋಯ್ತು, ರಿಪೋರ್ಟಿನಲ್ಲಿ ಒಂದಕ್ಷರ ಬದಲಾಗಲಿಲ್ಲ.

ನನ್ನ ಹತ್ತಿರ ಒಂದು ಖಾಸಗಿ ಬ್ಯಾಂಕಿನ ಕಾರ್ಡ್ ಇತ್ತು. ಕೆಲಸ ಬಿಡುವಾಗ ಬಾಕಿ ಪೂರ್ತಿ ಕಟ್ಟಿ, ಕಾರ್ಡ್ ಕ್ಲೋಸ್ ಮಾಡಿ ಅಂತ ಮೇಲ್ ಹಾಕಿದ್ದೆ. ಅವರು ಮಾಡಿರಲಿಲ್ಲ. ವರ್ಷದ ಫೀಸು, ಅದಕ್ಕೆ ಜಿಎಸ್‌ಟಿ, ಕಟ್ಟಲಿಲ್ಲ ಅಂತ ಲೇಟ್ ಫೀಸು, ಅದರ ಮೇಲೆ ಬಡ್ಡಿ. ಬಾಕಿ ಕಟ್ಟಿದ ಮೇಲೆ ಒಂದು ಸಲವೂ ಉಜ್ಜದ ಕಾರ್ಡಿನ ಮೇಲೆ ಹದಿನೆಂಟು ಸಾವಿರ ಚಿಲ್ಲರೆ ಸಾಲ! ಹೋಮ್ ಲೋನ್‌ಗೆ ಹೋದಾಗಲೇ ಇದು ಗೊತ್ತಾಗಿದ್ದು. ರಿಪೋರ್ಟಿನಲ್ಲಿ ಆ ಕಾರ್ಡಿನ ಮುಂದೆ ‘ರಿಟನ್ ಆಫ್’ ಅಂತ ಇತ್ತು. ಅಂದ್ರೆ ಮನ್ನಾ ಅಲ್ಲ. ವಸೂಲಾಗಲ್ಲ ಅಂತ ಬ್ಯಾಂಕು ತನ್ನ ಲೆಕ್ಕದಲ್ಲಿ ಬದಿಗಿಟ್ಟಿದೆ ಅಷ್ಟೇ, ಸಾಲ ನಿಮ್ಮ ಹೆಸರಲ್ಲೇ ಇರುತ್ತೆ.

ಅದಾಗಿ ಸ್ವಲ್ಪ ದಿನಕ್ಕೆ ಫೋನ್ ಶುರುವಾಯ್ತು. ಬ್ಯಾಂಕಿನ ರಿಕವರಿ ಏಜೆನ್ಸಿ ಅಂತ ಹೇಳಿಕೊಂಡರು. ಕಾರ್ಡಿನ ಕೊನೆಯ ನಾಲ್ಕು ಅಂಕಿ, ನನ್ನ ಪ್ಯಾನ್ ನಂಬರ್, ಹಳೇ ಆಫೀಸಿನ ಹೆಸರು ಎಲ್ಲ ಒಪ್ಪಿಸಿದರು. ಇಷ್ಟೆಲ್ಲ ಗೊತ್ತಿದ್ದ ಮೇಲೆ ಅಸಲಿಯೇ ಇರಬೇಕು ಅಂತ ಯಾರಿಗಾದರೂ ಅನಿಸುತ್ತೆ. ಅವರ ಬಂಡವಾಳವೇ ಅದು. “ಆರು ಸಾವಿರ ಹಾಕಿ ಸರ್, ಸಂಜೆ ಒಳಗೆ ಎನ್‌ಒಸಿ ವಾಟ್ಸಾಪ್ ಮಾಡ್ತೀವಿ” ಅಂದರು. ಎನ್‌ಒಸಿ ಅಂದ್ರೆ ಇನ್ನು ಬಾಕಿ ಇಲ್ಲ ಅನ್ನೋ ಬ್ಯಾಂಕಿನ ಪತ್ರ. ಏಜೆನ್ಸಿ ಹೆಸರು, ಬ್ಯಾಂಕು ಕೊಟ್ಟ ಅಧಿಕಾರ ಪತ್ರ, ನಿಮ್ಮ ಐಡಿ ಕಾರ್ಡು ಕಳಿಸಿ ಅಂದೆ. ಫೋನ್ ಕಟ್.

ಆಮೇಲೆ ಅವರು ಹಿಡಿದಿದ್ದು ನಮ್ಮಪ್ಪನನ್ನು. ಅಪ್ಪ ತಿಪಟೂರಿನಲ್ಲಿರೋದು. ಕಾರ್ಡ್ ಮಾಡಿಸುವಾಗ ರೆಫರೆನ್ಸ್‌ಗೆ ಅಂತ ಅವರ ನಂಬರ್ ಕೊಟ್ಟಿದ್ದೆ. “ಯಜಮಾನ್ರೇ, ನಿಮ್ಮ ಮಗನ ಮೇಲೆ ವಾರಂಟ್ ಆಗಿದೆ. ನಾಳೆ ಬೆಳಿಗ್ಗೆ ಪೊಲೀಸ್ ಜೀಪ್ ನಿಮ್ಮ ಮನೆ ಮುಂದೆ ಬರುತ್ತೆ, ಊರವರೆಲ್ಲ ನೋಡ್ತಾರೆ.” ಇದು ರಾತ್ರಿ ಒಂಬತ್ತರ ಮೇಲೆ ಬಂದ ಫೋನು. ಅಪ್ಪ ನನಗೂ ಹೇಳದೆ, ಪಕ್ಕದ ಮನೆ ಹುಡುಗನ ಕೈಲಿ ಫೋನ್‌ಪೇ ಮಾಡಿಸಿ ಆರು ಸಾವಿರ ಹಾಕಿಬಿಟ್ಟರು. ಮಗನ ಮಾನದ ಪ್ರಶ್ನೆ ಅಲ್ವಾ?

ಆ ಎನ್‌ಒಸಿ ಬಂತು. ಬ್ಯಾಂಕಿನ ಲೋಗೋ ಕಲಸಿಹೋಗಿತ್ತು, ಎಲ್ಲಿಂದಲೋ ಕತ್ತರಿಸಿ ಅಂಟಿಸಿದ್ದು. ನನ್ನ ಹೆಸರಿನ ಇನಿಷಿಯಲ್ ತಪ್ಪು. ಲೋನ್ ನಂಬರ್ ಇರಬೇಕಾದ ಜಾಗದಲ್ಲಿ ನನ್ನ ಮೊಬೈಲ್ ನಂಬರ್. ಕೆಳಗೆ ಸಹಿ ಇತ್ತು, ಸಹಿ ಮಾಡಿದವರ ಹೆಸರಾಗಲಿ ಹುದ್ದೆಯಾಗಲಿ ಇರಲಿಲ್ಲ. ಫೋನ್‌ಪೇ ರಸೀದಿ ನೋಡಿದರೆ ದುಡ್ಡು ಹೋಗಿದ್ದು ಬ್ಯಾಂಕಿಗಲ್ಲ, ಯಾವುದೋ ಹುಡುಗನ ಸ್ವಂತ ಖಾತೆಗೆ. ಒಂದು ಸಲ ಕೊಟ್ಟ ಮೇಲೆ ಫೋನ್ ನಿಲ್ಲಬೇಕಿತ್ತು, ಜಾಸ್ತಿ ಆಯ್ತು. ಈಗ ‘ಫೈಲ್ ಚಾರ್ಜ್’ ಬೇಕಂತೆ.

ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಆಫೀಸರ್‌ಗೆ ಎಲ್ಲ ಸೇರಿಸಿ ಮೇಲ್ ಹಾಕಿದೆ. ಉತ್ತರ ಬಂತು: ಆ ಹೆಸರಿನ ಏಜೆನ್ಸಿ ನಮ್ಮ ಪಟ್ಟಿಯಲ್ಲಿಲ್ಲ, ಆ ಹಣ ನಮಗೆ ಬಂದಿಲ್ಲ.

ಎಲ್ಲರೂ ತಿಳಿದಿರಬೇಕಾದ್ದು ಇಲ್ಲಿದೆ. ಫೋನ್ ಮಾಡುವವನಿಗೆ ನಿಮ್ಮ ರಿಪೋರ್ಟಿನಲ್ಲಿ ಒಂದು ಸಾಲು ಬರೆಯೋಕೂ ಆಗಲ್ಲ, ಅಳಿಸೋಕೂ ಆಗಲ್ಲ. ಅಸಲಿ ಏಜೆಂಟ್ ಆದರೂ ಅಷ್ಟೇ. ಮಾಹಿತಿ ಕಳಿಸುವುದು ಸಾಲ ಕೊಟ್ಟ ಬ್ಯಾಂಕು ಅಥವಾ ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಸಾಲದ ಕಂಪನಿ). ಬ್ಯಾಂಕು ಆ ಸಾಲವನ್ನು ಮಾರಿದ್ದರೆ ಕೊಂಡ ಎಆರ್‌ಸಿ, ಅಂದ್ರೆ ವಸೂಲಾಗದ ಸಾಲ ಕೊಳ್ಳುವ ಕಂಪನಿ. ಅದನ್ನು ಇಟ್ಟುಕೊಳ್ಳುವುದು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಅನ್ನೋ ನಾಲ್ಕು ಕಂಪನಿಗಳು. ಇವರ ಮಧ್ಯೆ ಮೂರನೆಯವನಿಗೆ ಕೆಲಸವೇ ಇಲ್ಲ.

ಅಸಲಿ ಏಜೆಂಟ್ ಆಗಿದ್ದರೆ ಬ್ಯಾಂಕಿನ ಅಧಿಕಾರ ಪತ್ರ ಮತ್ತು ಐಡಿ ಕಾರ್ಡ್ ಅವನ ಹತ್ತಿರ ಇರಲೇಬೇಕು. ಏಜೆನ್ಸಿಗಳ ಪಟ್ಟಿ ಬ್ಯಾಂಕಿನ ವೆಬ್‌ಸೈಟಿನಲ್ಲಿ ಸಿಗುತ್ತೆ, ಅಲ್ಲಿ ಹೆಸರು ಹುಡುಕಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ, ಹೆದರಿಸುವ ಹಾಗಿಲ್ಲ, ಮನೆಯವರನ್ನು ಸ್ನೇಹಿತರನ್ನು ಎಳೆದು ಮಾನ ಕಳೆಯುವ ಹಾಗಿಲ್ಲ. 2022ರ ಆಗಸ್ಟ್‌ನಲ್ಲಿ ಆರ್‌ಬಿಐ ಇದನ್ನು ಮತ್ತೊಮ್ಮೆ ಒತ್ತಿ ಹೇಳಿದೆ. ಇನ್ನು ಜೀಪು, ವಾರಂಟು ಎಲ್ಲ ಬರೀ ಬೊಗಳೆ. ಕಾರ್ಡ್ ಬಾಕಿ ಸಿವಿಲ್ ವ್ಯವಹಾರ. ಕೋರ್ಟಿಗೆ ಹೋಗಬಹುದು, ಆದರೆ ಬಾಕಿ ಇದೆ ಅಂತ ಮಾತ್ರಕ್ಕೆ ಯಾರೂ ಹಿಡಿದುಕೊಂಡು ಹೋಗಲ್ಲ.

‘ಸೆಟಲ್‌ಮೆಂಟ್’ ಅನ್ನೋ ಮಾತಿಗೂ ಬೀಳಬೇಡಿ. ನಿಜವಾದ ಬ್ಯಾಂಕಿನ ಜೊತೆಗೇ ಕಡಿಮೆ ದುಡ್ಡಿಗೆ ಮುಗಿಸಿಕೊಂಡರೂ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಅಂತ ಬರಲ್ಲ, ‘ಸೆಟಲ್ಡ್’ ಅಂತ ಬರುತ್ತೆ. ಮುಂದೆ ಸಾಲ ಕೊಡೋ ಬ್ಯಾಂಕಿಗೆ ಅದು ಒಳ್ಳೆ ಸುದ್ದಿಯಲ್ಲ. ಬಾಕಿ ನಿಜವಾಗಿದ್ದು ಕೈಲಾದರೆ ಪೂರ್ತಿ ಕಟ್ಟಿ, ಬ್ಯಾಂಕಿನ ಖಾತೆಗೇ ಕಟ್ಟಿ, ಎನ್‌ಒಸಿಯನ್ನು ಬ್ಯಾಂಕಿನ ಅಧಿಕೃತ ಮೇಲ್‌ನಿಂದಲೇ ತರಿಸಿಕೊಳ್ಳಿ.

ನನ್ನ ಬಾಕಿ ನಿಜದ್ದಲ್ಲವಾದ್ದರಿಂದ ಸಿಬಿಲ್ ಸೈಟಿನಲ್ಲಿ ಡಿಸ್ಪ್ಯೂಟ್ (ತಕರಾರು) ಹಾಕಿದೆ, ಅದಕ್ಕೆ ದುಡ್ಡಿಲ್ಲ. ಸಿಬಿಲ್ ತಾನಾಗಿ ಏನೂ ತಿದ್ದಲ್ಲ, ಬ್ಯಾಂಕನ್ನು ಕೇಳುತ್ತೆ. ಹಾಗಾಗಿ ಎರಡು ಕಡೆಯೂ ಬರೆಯಬೇಕು. ನನ್ನನ್ನು ಉಳಿಸಿದ್ದು ಆ ಹಳೇ ಕ್ಲೋಸರ್ ಮೇಲ್. 2022ರ ಜುಲೈನಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದ ಪ್ರಕಾರ ಬಾಕಿಯಿಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು. ಈ ಸಾಲನ್ನು ಮೇಲ್‌ನಲ್ಲಿ ಬರೆದ ಮೇಲೆ ಬ್ಯಾಂಕಿನವರ ದನಿಯೇ ಬದಲಾಯ್ತು. ಫೀಸು ವಾಪಸ್, ಖಾತೆ ಕ್ಲೋಸ್. ರಿಪೋರ್ಟಿನ ತಕರಾರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮವೂ 2024ರ ಏಪ್ರಿಲ್‌ನಿಂದ ಇದೆ. ಬ್ಯಾಂಕು ತಿಂಗಳಾದರೂ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಸಿಎಂಎಸ್ ಅನ್ನೋ ಆರ್‌ಬಿಐ ದೂರಿನ ಪೋರ್ಟಲ್‌ನಲ್ಲಿ ದೂರು ಕೊಡಿ. 14448ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಸಿಬಿಲ್‌ನಂಥ ಕಂಪನಿಗಳ ಮೇಲೂ ಅಲ್ಲಿ ದೂರು ಕೊಡಬಹುದು.

ನಮ್ಮ ರಾಜ್ಯದಲ್ಲಿ 2025ರಲ್ಲಿ ಬಂದ ಕಿರುಸಾಲ ಕಿರುಕುಳ ತಡೆ ಕಾನೂನು ಇದಕ್ಕೆಲ್ಲ ಅನ್ವಯಿಸುತ್ತೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ಮುಖ್ಯವಾಗಿ ನೋಂದಣಿ ಇಲ್ಲದ ಮೈಕ್ರೋಫೈನಾನ್ಸ್, ಲೇವಾದೇವಿಯವರಿಗೆ. ಬ್ಯಾಂಕಿನ ಕಾರ್ಡಿಗೆ ದಾರಿ ಆರ್‌ಬಿಐ ಕಡೆಯದೇ.

ಅಪ್ಪನ ಆರು ಸಾವಿರದ ಬಗ್ಗೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ. ಅಪ್ಪನಿಗೆ ವಿಷಯ ಗೊತ್ತಾಗೋಕೆ ತಡವಾಯ್ತು, ಅಷ್ಟರಲ್ಲಿ ಆ ಖಾತೆ ಖಾಲಿ. ನಿಮಗೆ ಹೀಗಾದರೆ ಮೊದಲ ಗಂಟೆಯಲ್ಲೇ 1930ಕ್ಕೆ ಹಚ್ಚಿ. ರೆಫರೆನ್ಸ್‌ಗೆ ಅಂತ ಯಾರ ನಂಬರ್ ಕೊಟ್ಟಿದ್ದೀರೋ ಅವರಿಗೆ ಇವತ್ತೇ ಒಂದು ಮಾತು ಹೇಳಿಡಿ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ನಾಲ್ಕೂ ಕಂಪನಿಗಳು ಪುಕ್ಕಟೆ ಕೊಡಬೇಕು. ಅದನ್ನು ತೆಗೆದು, ನೀವು ಮರೆತ ಹಳೇ ಕಾರ್ಡು, ಫೋನ್ ಇಎಂಐ ಏನಾದರೂ ಬಾಕಿ ತೋರಿಸ್ತಿದೆಯಾ ನೋಡಿ.